ಹಳೆಯ ಅಮೆರಿಕನ್ ಮಸಲ್ ಕಾರುಗಳ ಕಂಪ್ರೆಶನ್ ಮತ್ತು ಎಂಜಿನ್ ಸಾಮರ್ಥ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಶಿಗನ್‌ನಲ್ಲಿ ನೆಲೆಸಿರುವ ನಾನು ಹದಿನಾಲ್ಕು ವರ್ಷಗಳಿಂದ 1972ರ ಷೆವರ್ಲೆ ಷೆವೆಲ್ ಎಂಬ ಮಸಲ್ ಕಾರೊಂದನ್ನು (ದೊಡ್ಡ, ಬಲವಾದ ಎಂಜಿನ್ ಕೂರಿಸಿದ ಅಮೆರಿಕನ್ ಕಾರು) ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ಜೋಡಿಸಿ ಓಡಿಸುತ್ತಿದ್ದೇನೆ. ಇಲ್ಲಿಯ ಕನ್ನಡಿಗ ಗೆಳೆಯರೂ, ಊರಿನಿಂದ ಕರೆ ಮಾಡುವ ಹಳೆ ಕಾರಿನ ಹುಚ್ಚಿನವರೂ ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಕಂಪ್ರೆಶನ್ನಿಗೇ, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುವುದಕ್ಕೇ, ಬಂದು ನಿಲ್ಲುತ್ತವೆ. ಅವುಗಳ ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಉದಾಹರಣೆಯಾಗಿ ಉದ್ದಕ್ಕೂ ಬಳಸಿರುವುದು ಷೆವರ್ಲೆಯ 350 ಘನ ಅಂಗುಲದ ಸ್ಮಾಲ್ ಬ್ಲಾಕ್ ವಿ8 ಎಂಜಿನ್ (ಎರಡು ಸಾಲುಗಳಲ್ಲಿ ಎಂಟು ಸಿಲಿಂಡರುಗಳಿರುವ, ಗಾತ್ರದಲ್ಲಿ ಚಿಕ್ಕ ಬಗೆಯದು). ನನ್ನ ಕೈಗೆ ಚೆನ್ನಾಗಿ ಪಳಗಿರುವುದು ಅದು, ಮತ್ತು ಅದರ ಬಿಡಿಭಾಗಗಳು ಇಂದಿಗೂ ಸಲೀಸಾಗಿ ಸಿಗುತ್ತವೆ. ಪಾಂಟಿಯಾಕ್, ಫೋರ್ಡ್, ಕ್ರೈಸ್ಲರ್ ಎಂಜಿನ್‌ಗಳಲ್ಲಿ ಅಳತೆಗಳು ಬೇರೆಯಾದರೂ ಲೆಕ್ಕದ ದಾರಿ ಇದೇ.

ಕಂಪ್ರೆಶನ್ ಅನುಪಾತ, ಕಂಪ್ರೆಶನ್ ಒತ್ತಡ ಎರಡೂ ಒಂದೇ ಅಲ್ಲವೇ?

ಅಲ್ಲ. ಪಿಸ್ಟನ್ ಕೆಳತುದಿಯಲ್ಲಿದ್ದಾಗ ಅದರ ಮೇಲಿರುವ ಒಟ್ಟು ಜಾಗವನ್ನು, ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವುದು ಅನುಪಾತ. ಅದು ಕಬ್ಬಿಣದ ಆಕಾರಕ್ಕೆ ಸೇರಿದ ಸಂಖ್ಯೆ. ಎಂಜಿನ್ ನಿಂತಿದ್ದರೂ ಓಡುತ್ತಿದ್ದರೂ ಬದಲಾಗುವುದಿಲ್ಲ. ಒತ್ತಡವಾದರೋ ಗೇಜ್ ಹಾಕಿ ನೋಡುವಂಥದ್ದು. ಪಿಸ್ಟನ್ ಸುತ್ತಲಿನ ರಿಂಗುಗಳ ಸವೆತ, ವಾಲ್ವ್ ಕೂರುವ ರೀತಿ, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್, ಊರಿನ ಎತ್ತರ, ಬ್ಯಾಟರಿಯ ತ್ರಾಣ ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ಗ್ಯಾರೇಜಿನಲ್ಲಿ ‘ಕಂಪ್ರೆಶನ್ ಹೋಗಿದೆ’ ಎಂದು ಮೇಸ್ತ್ರಿ ಹೇಳುವುದು ಒತ್ತಡದ ವಿಷಯವನ್ನು. ಹಳೆಯ ಜಾಹೀರಾತುಗಳಲ್ಲಿ 11:1 ಎಂದು ಬರೆದಿರುವುದು ಅನುಪಾತವನ್ನು. ಇವೆರಡನ್ನೂ ಬೆರೆಸಿ ಯೋಚಿಸುವುದರಿಂದಲೇ ಅರ್ಧದಷ್ಟು ತಪ್ಪು ಖರ್ಚುಗಳು ಹುಟ್ಟುತ್ತವೆ.

ಅನುಪಾತ ಹೆಚ್ಚಿಸಿದರೆ ಶಕ್ತಿ ಎಷ್ಟು ಹೆಚ್ಚುತ್ತದೆ?

ಜನ ಅಂದುಕೊಂಡಷ್ಟು ಅಲ್ಲ. ಹೆಚ್ಚು ಬಿಗಿಯಾಗಿ ಒತ್ತಿದ ಮಿಶ್ರಣ ಉರಿದ ಮೇಲೆ ಹೆಚ್ಚು ದೂರ ಹಿಗ್ಗುತ್ತದೆ. ಆದ್ದರಿಂದ ಅದೇ ಪೆಟ್ರೋಲಿನ ಶಾಖದಲ್ಲಿ ಹೆಚ್ಚಿನ ಪಾಲು ಕೆಲಸವಾಗಿ ಸಿಗುತ್ತದೆ, ಕಡಿಮೆ ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನ ಆದರ್ಶ ಮಾದರಿಯಾದ ಆಟೊ (Otto) ಚಕ್ರದ ಸೂತ್ರದ ಪ್ರಕಾರ 8.5:1ರಲ್ಲಿ ಉಷ್ಣ ದಕ್ಷತೆ ಶೇ. 57.5 ಆದರೆ 10:1ರಲ್ಲಿ ಶೇ. 60.2 ಮತ್ತು 11:1ರಲ್ಲಿ ಶೇ. 61.7. ನಿಜವಾದ ಎಂಜಿನ್ನಿನಲ್ಲಿ ಇದರ ಅರ್ಧದ ಆಸುಪಾಸು ಮಾತ್ರ ದಕ್ಕುತ್ತದೆ, ಆದರೆ ಏರಿಕೆಯ ಪ್ರಮಾಣ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ: ಅನುಪಾತದಲ್ಲಿ ಒಂದು ಅಂಕ ಏರಿದರೆ ಶೇ. 3ರಿಂದ 4, ಅದೂ ಮೇಲೆ ಹೋದಂತೆ ಇಳಿಯುತ್ತ ಬರುತ್ತದೆ.

1972ರ ಷೆವೆಲ್‌ನ ನಾಲ್ಕು ಬ್ಯಾರೆಲ್ ಕಾರ್ಬುರೇಟರಿನ 350 ಎಂಜಿನ್ನಿಗೆ ಕಾರ್ಖಾನೆ ಕೊಟ್ಟ ಅಂಕಿ 175 ಅಶ್ವಶಕ್ತಿ, ಅನುಪಾತ 8.5:1. ಅದನ್ನು 9.6ಕ್ಕೆ ಏರಿಸಿ ಬೇರೇನನ್ನೂ ಮುಟ್ಟದಿದ್ದರೆ ಸಿಗುವುದು ಆರು ಅಶ್ವಶಕ್ತಿ. ಅಷ್ಟಕ್ಕಾಗಿ ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವ್‌ಗಳಿರುವ ಮುಚ್ಚಳ) ಇಳಿಸುವವರು ಯಾರೂ ಇಲ್ಲ. ಅನುಪಾತ ಏರಿಸುವುದರ ನಿಜವಾದ ಬೆಲೆ ಇರುವುದು ಅದು ದೊಡ್ಡ ಕ್ಯಾಮ್ ಹಾಕಲು ಅವಕಾಶ ಮಾಡಿಕೊಡುತ್ತದೆ ಎಂಬುದರಲ್ಲಿ. ಆ ವಿಷಯ ಮುಂದೆ ಬರುತ್ತದೆ.

1970ರಲ್ಲಿ ಅಷ್ಟು ಶಕ್ತಿಯಿದ್ದ ಎಂಜಿನ್ 1972ರ ಹೊತ್ತಿಗೆ ಅಷ್ಟು ಕುಗ್ಗಿದ್ದು ಹೇಗೆ?

ಕುಗ್ಗಿದ್ದು ಅರ್ಧ, ಅಳೆಯುವ ಕೋಲು ಬದಲಾದದ್ದು ಇನ್ನರ್ಧ. 1964ರ ಪಾಂಟಿಯಾಕ್ ಜಿಟಿಒ 10.75:1 ಅನುಪಾತದಲ್ಲಿತ್ತು, 1966ರ ಕ್ರೈಸ್ಲರ್ 426 ಸ್ಟ್ರೀಟ್ ಹೆಮಿ 10.25:1, 1970ರ ಷೆವೆಲ್ ಎಸ್‌ಎಸ್ 454ರ ಎಲ್‌ಎಸ್6 ಎಂಜಿನ್ 11.25:1ರಲ್ಲಿ 450 ಅಶ್ವಶಕ್ತಿ ಎಂದು ಹೇಳಿಕೊಂಡಿತ್ತು. 1970ರ ಕ್ಲೀನ್ ಏರ್ ಕಾಯ್ದೆಯ ನಂತರ ಹೊಗೆ ಶುದ್ಧಿಗಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಬರುವುದು ಖಚಿತವಾಯಿತು, ಅದಕ್ಕೆ ಸೀಸದ ಪೆಟ್ರೋಲ್ ವಿಷ. ಆದ್ದರಿಂದ ಜನರಲ್ ಮೋಟಾರ್ಸ್ 1971ರ ಮಾದರಿಗಳಿಂದಲೇ ತನ್ನ ಎಂಜಿನ್‌ಗಳ ಅನುಪಾತವನ್ನು 91 ರಿಸರ್ಚ್ ಆಕ್ಟೇನಿನ (ತಾನಾಗಿ ಸಿಡಿಯದೆ ಒತ್ತಡ ತಾಳುವ ಗುಣದ ಅಳತೆ) ಪೆಟ್ರೋಲಿಗೆ ಹೊಂದುವಂತೆ ಇಳಿಸಿತು. ಷೆವರ್ಲೆಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ನ ಎಲ್‌ಟಿ-1 350 ಎಂಜಿನ್ನಿನಲ್ಲಿ ಈ ಕಥೆ ಸ್ಪಷ್ಟವಾಗಿ ಕಾಣುತ್ತದೆ: 1970ರಲ್ಲಿ 11:1 ಮತ್ತು 370 ಅಶ್ವಶಕ್ತಿ, 1971ರಲ್ಲಿ 9:1 ಮತ್ತು 330, 1972ರಲ್ಲಿ 255.

ಮೊದಲ ಇಳಿತದಲ್ಲಿ ಅನುಪಾತದ ಪಾಲು ದೊಡ್ಡದು. ಎರಡನೆಯದಕ್ಕೆ ಕಾರಣ ಲೆಕ್ಕ ಹಾಕುವ ಪದ್ಧತಿ. ಅಲ್ಲಿಯವರೆಗೆ ಏರ್ ಕ್ಲೀನರ್, ಸೈಲೆನ್ಸರ್, ಫ್ಯಾನ್ ಏನೂ ಇಲ್ಲದೆ ಬರಿ ಎಂಜಿನ್ನನ್ನು ಸ್ಟ್ಯಾಂಡಿಗೆ ಕಟ್ಟಿ ಅಳೆದ ‘ಗ್ರಾಸ್’ ಅಂಕಿಯನ್ನು ಮುದ್ರಿಸುತ್ತಿದ್ದರು. 1972ರಿಂದ ಕಾರಿನಲ್ಲಿ ಇರುವ ಹಾಗೆಯೇ ಎಲ್ಲವನ್ನೂ ಜೋಡಿಸಿ ಅಳೆದ ‘ನೆಟ್’ ಅಂಕಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ‘ಅರ್ಧ ಶಕ್ತಿ ಹೋಯಿತು’ ಎನ್ನುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ಅಳೆದದ್ದಕ್ಕೆ ಹೋಲಿಸಿದಂತೆ.

ಕಾರ್ಖಾನೆಯ ಪುಸ್ತಕದಲ್ಲಿರುವ ಅನುಪಾತವನ್ನು ನಂಬಬಹುದೇ?

ನಂಬಬೇಡಿ. ಅದು ಕಾಗದದ ಮೇಲಿನ ಸಂಖ್ಯೆ. ಎಂಜಿನ್ ಸಾಲಿನಲ್ಲಿ ಜೋಡಣೆಯಾಗಿ ಹೊರಬರುವಾಗ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತಿತ್ತು. ಅದರ ಮೇಲೆ ಐವತ್ತು ವರ್ಷಗಳಲ್ಲಿ ಯಾರು ಯಾರು ಯಾವ ಹೆಡ್ ಕೂರಿಸಿದ್ದಾರೆ, ಬೋರ್ ಮಾಡಿಸಿ ಯಾವ ಪಿಸ್ಟನ್ ಹಾಕಿದ್ದಾರೆ, ಹೆಡ್ಡಿನ ಕೆಳಗೆ ಎಷ್ಟು ದಪ್ಪದ ಗ್ಯಾಸ್ಕೆಟ್ ಬಿದ್ದಿದೆ ಎಂಬುದು ಎಂಜಿನ್ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ಅಳೆದ ಮೇಲೆಯೇ ದುಡ್ಡು ಬಿಚ್ಚಬೇಕು.

ಹಾಗಾದರೆ ನಾನೇ ಲೆಕ್ಕ ಹಾಕುವುದು ಹೇಗೆ?

350 ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 4 ಅಂಗುಲ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 3.48 ಅಂಗುಲ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಗುಡಿಸಿಕೊಂಡು ಹೋಗುವ ಜಾಗ 43.73 ಘನ ಅಂಗುಲ, ಅಂದರೆ ಸುಮಾರು 716.6 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಹೆಡ್ಡಿನಲ್ಲಿರುವ ದಹನಕೋಣೆ, ಅಂದರೆ ಚೇಂಬರ್, ಮೊದಲನೆಯದು. ಇದು 64 ಸಿಸಿ ಎಂದಿಟ್ಟುಕೊಳ್ಳೋಣ. 4.1 ಅಂಗುಲ ವ್ಯಾಸದ, ಒತ್ತಿದ ಮೇಲೆ 0.039 ಅಂಗುಲ ದಪ್ಪ ಉಳಿಯುವ ಗ್ಯಾಸ್ಕೆಟ್ 8.4 ಸಿಸಿ ಕೊಡುತ್ತದೆ. ಪಿಸ್ಟನ್ ಮೇಲ್ತುದಿಗೆ ಬಂದಾಗಲೂ ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್ ಮೈ) ಮೇಲ್ಮೈಗಿಂತ 0.025 ಅಂಗುಲ ಕೆಳಗೇ ನಿಂತರೆ ಅಲ್ಲಿ 5.1 ಸಿಸಿ. ಚಪ್ಪಟೆ ಪಿಸ್ಟನ್ನಿನಲ್ಲಿ ವಾಲ್ವಿಗಾಗಿ ಕೆತ್ತಿದ ಕುಳಿಗಳು ಸುಮಾರು 6 ಸಿಸಿ. ಒಟ್ಟು 83.5. ಇದನ್ನು 716.6ಕ್ಕೆ ಕೂಡಿಸಿ, ಮತ್ತೆ 83.5ರಿಂದ ಭಾಗಿಸಿದರೆ 9.6.

ಈಗ ಚೇಂಬರ್ ಮಾತ್ರ ಬದಲಿಸಿ 76 ಸಿಸಿಯ ಹೆಡ್ ಇಟ್ಟು ನೋಡಿ: ಅನುಪಾತ 8.5ಕ್ಕೆ ಕುಸಿಯುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಹೆಡ್ ಒಂದು ಇಡೀ ಅಂಕವನ್ನು ನುಂಗಿಬಿಡುವುದು ಹೀಗೆ. ಅದೇ 64 ಸಿಸಿಯ ಹೆಡ್ ಇಟ್ಟುಕೊಂಡು, ಕಾರ್ಖಾನೆ ಬಳಸುತ್ತಿದ್ದಂಥ 0.015 ಅಂಗುಲದ ತೆಳು ಉಕ್ಕಿನ ಗ್ಯಾಸ್ಕೆಟ್ ಹಾಕಿದರೆ 10.1. ಕಾಸು ಹೆಚ್ಚು ಖರ್ಚಾಗದೆ ಅರ್ಧ ಅಂಕ.

ಚೇಂಬರಿನ ಸಿಸಿ ಅಳೆಯಲು ಲೇತ್ ಅಂಗಡಿಗೇ ಹೋಗಬೇಕೇ?

ಬೇಕಿಲ್ಲ, ಅಡುಗೆಮನೆಯ ಮೇಜಿನ ಮೇಲೆ ಆಗುತ್ತದೆ, ಮನೆಯವರು ಒಪ್ಪಿದರೆ. ಹೆಡ್ಡನ್ನು ಬೆನ್ನು ಕೆಳಗೆ ಮಾಡಿ ಮಲಗಿಸಿ, ವಾಲ್ವ್‌ಗಳನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಅವುಗಳ ಜಾಗದಲ್ಲೇ ಬಿಡಿ. ಚೇಂಬರಿನ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ, ಒಂದು ಸಣ್ಣ ತೂತಿರುವ ಪಾರದರ್ಶಕ ಅಕ್ರಿಲಿಕ್ ಹಲಗೆಯನ್ನು ಅದರ ಮೇಲೆ ಒತ್ತಿ ಕೂರಿಸಿ. ತೂತು ಒಂದು ಅಂಚಿಗೆ ಇರಲಿ, ಆ ಅಂಚು ಕೂದಲೆಳೆಯಷ್ಟು ಮೇಲೆ ಇರಲಿ. ಇಲ್ಲದಿದ್ದರೆ ಗಾಳಿಯ ಗುಳ್ಳೆ ಹಲಗೆಯ ಕೆಳಗೇ ಸಿಕ್ಕಿಕೊಂಡು ಎಷ್ಟು ತಟ್ಟಿದರೂ ಹೊರಗೆ ಬರುವುದಿಲ್ಲ. 100 ಸಿಸಿಯ ಬ್ಯೂರೆಟ್‌ನಲ್ಲಿ (ಅಳತೆಯ ಗೆರೆಗಳಿರುವ ಕೊಳವೆ) ಬಣ್ಣ ಹಾಕಿದ ಸ್ಪಿರಿಟ್ ತುಂಬಿ ನಿಧಾನವಾಗಿ ಬಿಡುತ್ತ ಬನ್ನಿ. ದ್ರವ ಹಲಗೆಯ ತಳಕ್ಕೆ ತಾಗಿ ಹರಡುವಾಗ ಗುಳ್ಳೆ ಕುಗ್ಗುತ್ತ ಕುಗ್ಗುತ್ತ ಕೊನೆಗೆ ತೂತಿನ ಕೆಳಗೆ ಸಾಸಿವೆಯಷ್ಟಾಗಿ ಮಾಯವಾಗುತ್ತದೆ. ಆಗ ಬ್ಯೂರೆಟ್ ನೋಡಿ. ಎಂಟನ್ನೂ ಅಳೆಯಿರಿ. ನನ್ನ ಹೆಡ್‌ಗಳಲ್ಲಿ 76 ಎಂದು ಹೆಸರಾದ ಚೇಂಬರ್‌ಗಳು 75ರಿಂದ 78ರವರೆಗೆ ಚದುರಿದ್ದವು. ವಾಲ್ವ್ ಪಕ್ಕದಿಂದ ಸ್ಪಿರಿಟ್ ಇಳಿದು ಪೋರ್ಟಿನಲ್ಲಿ ತೇವ ಕಂಡರೆ ಆ ವಾಲ್ವ್ ಕೂರುತ್ತಿಲ್ಲ ಎಂದೂ ಅಲ್ಲಿಯೇ ತಿಳಿಯುತ್ತದೆ.

ಕಂಪ್ರೆಶನ್ ಟೆಸ್ಟ್ ಮಾಡುವ ಸರಿಯಾದ ವಿಧಾನ ಯಾವುದು?

ಎಂಜಿನ್ ಬೆಚ್ಚಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಎಂಟೂ ಪ್ಲಗ್‌ಗಳನ್ನು ಬಿಚ್ಚಿರಬೇಕು, ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ತಪ್ಪಿಸಿರಬೇಕು. ಆಕ್ಸಿಲರೇಟರ್ ಮತ್ತು ಚೋಕ್ ಪೂರ್ತಿ ತೆರೆದಿರಲಿ. ಆಮೇಲೆ ಪ್ರತಿ ಸಿಲಿಂಡರಿಗೂ ಒಂದೇ ಎಣಿಕೆಯ, ಪಿಸ್ಟನ್ ಐದೋ ಆರೋ ಸಲ ಗಾಳಿ ಒತ್ತುವವರೆಗೆ ಸ್ಟಾರ್ಟರ್ ತಿರುಗಿಸಿ, ಪ್ಲಗ್ ತೂತಿಗೆ ಕೂರಿಸಿದ ಗೇಜಿನ ಅಂಕಿ ಬರೆದುಕೊಳ್ಳಿ. ಮೊದಲ ಸಲ ಒತ್ತಿದಾಗ ಮುಳ್ಳು ಎಷ್ಟು ಏರಿತು ಎಂಬುದನ್ನೂ ಬರೆಯಿರಿ. ರಿಂಗ್ ಸವೆದ ಸಿಲಿಂಡರಿನಲ್ಲಿ ಅದು ಕಡಿಮೆಯಿಂದ ಶುರುವಾಗಿ ಮೆಟ್ಟಿಲು ಹತ್ತಿದಂತೆ ಏರುತ್ತದೆ. ವಾಲ್ವ್ ಸುಟ್ಟಿದ್ದರೆ ಏರುವುದೇ ಇಲ್ಲ.

ನಾನು ಮೊದಲ ಸಲ ಮಾಡಿದಾಗ ಎಂಟೂ ಸಿಲಿಂಡರುಗಳು 110 ಪಿಎಸ್‌ಐ (ಒಂದು ಚದರ ಅಂಗುಲದ ಮೇಲೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಸುತ್ತ ತೋರಿಸಿದವು. ಎಂಜಿನ್ ಬೋರಿಗೆ ಬಂದಿದೆ ಎಂದು ಎರಡು ರಾತ್ರಿ ನಿದ್ದೆ ಕೆಟ್ಟು, ಪಿಸ್ಟನ್ ಸೆಟ್ಟಿನ ಬೆಲೆಯನ್ನೂ ವಿಚಾರಿಸಿದ್ದಾಯಿತು. ಮೂರನೆಯ ದಿನ ಹೊಳೆದದ್ದು, ಕಾರ್ಬುರೇಟರ್ ಮುಚ್ಚಿಯೇ ಇತ್ತೆಂಬುದು. ಎಂಜಿನ್ನಿಗೆ ಒಳಗೆಳೆದುಕೊಳ್ಳಲು ಗಾಳಿಯೇ ಇರಲಿಲ್ಲ. ಒಂದು ಸ್ಕ್ರೂಡ್ರೈವರಿನ ಹಿಡಿಯನ್ನು ಲಿಂಕೇಜಿಗೆ ಸಿಕ್ಕಿಸಿ ತೆರೆದಿಟ್ಟು ಮತ್ತೆ ನೋಡಿದಾಗ ಆರು ಸಿಲಿಂಡರುಗಳಲ್ಲಿ 146ರಿಂದ 152; ಮೂರನೆಯದರಲ್ಲಿ 98, ಐದನೆಯದರಲ್ಲಿ 95.

ಅಂಕಿಗಳು ಬಂದ ಮೇಲೆ ಅವನ್ನು ಓದುವುದು ಹೇಗೆ?

ಒಂದೊಂದು ಅಂಕಿಗಿಂತ ಅವುಗಳ ನಡುವಿನ ಅಂತರ ಮುಖ್ಯ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿರಬಾರದೆಂಬುದು ಹಳೆಯ ಕೈಪಿಡಿಗಳ ನಿಯಮ. 8.5:1ರ ಆರೋಗ್ಯವಂತ 350ರಲ್ಲಿ 150 ಪಿಎಸ್‌ಐ ಆಸುಪಾಸು, ಹತ್ತಕ್ಕೆ ಮೀರಿದ ಅನುಪಾತದವುಗಳಲ್ಲಿ 170ರಿಂದ 190 ಸಾಮಾನ್ಯ. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ದೊಡ್ಡ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಗಮನಾರ್ಹವಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಇಳಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಈ ಎಂಜಿನ್ನಿನಲ್ಲಿ ಚಾಲಕನ ಕಡೆಯ (ಅಮೆರಿಕದ ಕಾರುಗಳಲ್ಲಿ ಎಡಗಡೆಯ) ಸಾಲಿನಲ್ಲಿ 1, 3, 5, 7 ಇರುತ್ತವೆ. ಮಧ್ಯದ 3 ಮತ್ತು 5ರ ಎಕ್ಸಾಸ್ಟ್ ವಾಲ್ವ್‌ಗಳು ಒಂದರ ಪಕ್ಕ ಒಂದು ಬರುವುದರಿಂದ ಆ ಜಾಗ ಉಳಿದೆಲ್ಲ ಕಡೆಗಿಂತ ಬಿಸಿ. ನನ್ನ ಎಂಜಿನ್ನಿನ ಹೆಡ್ ಎತ್ತಿದಾಗ ಅಲ್ಲಿ ಗ್ಯಾಸ್ಕೆಟ್ಟಿನ ಮೇಲೆ ಬೆರಳ ಉಗುರಿನಷ್ಟು ಅಗಲದ ಕಪ್ಪು ಕಾಲುವೆಯೇ ಕೊರೆದಿತ್ತು. ರಿಂಗು, ಪಿಸ್ಟನ್ ಎಲ್ಲ ನೆಟ್ಟಗಿದ್ದವು.

ಅನುಪಾತ 8.5 ಆದರೆ ವಾಯುಮಂಡಲದ 14.7 ಪಿಎಸ್‌ಐಗೆ ಗುಣಿಸಿ 125 ಬರಬೇಕಲ್ಲವೇ? 150 ಹೇಗೆ ಬರುತ್ತದೆ?

ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆಲ್ಲ ಗೊತ್ತಿರುವ ವಿಷಯ. ಬಿಸಿಯಾದ ಗಾಳಿಯ ಒತ್ತಡ ಗುಣಾಕಾರಕ್ಕಿಂತ ಹೆಚ್ಚಾಗುತ್ತದೆ. ಇನ್ನೊಂದೆಡೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದು, ರಿಂಗಿನ ಸೋರಿಕೆ, ಸಿಲಿಂಡರ್ ಗೋಡೆಗೆ ಇಳಿಯುವ ಶಾಖ ಇವೆಲ್ಲ ಅದನ್ನು ಕೆಳಕ್ಕೆ ಎಳೆಯುತ್ತವೆ. ಆದ್ದರಿಂದ ಗೇಜಿನ ಅಂಕಿಯಿಂದ ಅನುಪಾತವನ್ನು ಹಿಂದಕ್ಕೆ ಲೆಕ್ಕ ಹಾಕಲು ಹೋಗಬಾರದು.

ಊರಿನ ಎತ್ತರವನ್ನೂ ಮರೆಯಬಾರದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆ. ಮಂಗಳೂರಿನಲ್ಲಿ 150 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 135ರ ಸುತ್ತ ತೋರಿಸಿದರೆ ಅದಕ್ಕೇನೂ ಕಾಯಿಲೆಯಿಲ್ಲ. 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಅದೇ ಎಂಜಿನ್ 125ರ ಹತ್ತಿರ ನಿಲ್ಲುತ್ತದೆ.

ಲೀಕ್‌ಡೌನ್ ಟೆಸ್ಟ್ ಬೇರೆ ಬೇಕೇ?

ಕೊಳ್ಳುವ ಮುನ್ನ ಕಾರು ನೋಡುವವರಿಗೆ ನಾನು ಹೇಳುವುದು ಇದನ್ನೇ. ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ 100 ಪಿಎಸ್‌ಐ ಗಾಳಿ ಬಿಟ್ಟು ಎಷ್ಟು ಶೇಕಡಾ ಸೋರುತ್ತದೆ ಎಂದು ಎರಡು ಗೇಜುಗಳಲ್ಲಿ ನೋಡುತ್ತಾರೆ. ಹತ್ತರ ಒಳಗಿದ್ದರೆ ಚೆನ್ನ, ಇಪ್ಪತ್ತು ದಾಟಿದರೆ ಕೆಲಸ ಕಾದಿದೆ. ಸೋರುವ ಜಾಗವನ್ನು ಕಿವಿಯೇ ಹೇಳುತ್ತದೆ: ಕಾರ್ಬುರೇಟರಿನಲ್ಲಿ ಬುಸುಗುಟ್ಟಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಮುಚ್ಚಳದಲ್ಲಾದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು.

ಇಂದಿನ ಪೆಟ್ರೋಲಿನಲ್ಲಿ ಎಷ್ಟು ಅನುಪಾತದವರೆಗೆ ಹೋಗಬಹುದು?

ಮೊದಲು ಆಕ್ಟೇನ್ ಸಂಖ್ಯೆಯ ಗೊಂದಲ ಬಿಡಿಸಿಕೊಳ್ಳಬೇಕು. ಭಾರತದ ಬಂಕಿನಲ್ಲಿ ಹೇಳುವುದು ರಿಸರ್ಚ್ ಆಕ್ಟೇನ್. ಅಮೆರಿಕದ ಪಂಪಿನ ಮೇಲೆ ಅಂಟಿಸಿರುವುದು ರಿಸರ್ಚ್ ಮತ್ತು ಮೋಟಾರ್ ಎಂಬ ಎರಡು ವಿಧಾನಗಳ ಸರಾಸರಿ. ಆದ್ದರಿಂದ ಅಮೆರಿಕದ 93 ಎಂಬುದು ರಿಸರ್ಚ್ ಲೆಕ್ಕದಲ್ಲಿ 97–98ರ ಸಮ. ಇಲ್ಲಿಯ 87 ಅನ್ನು ಕಂಡು ‘ಅಯ್ಯೋ, ನಮ್ಮೂರಿನದೇ ಮೇಲು’ ಎಂದುಕೊಳ್ಳಬೇಕಾಗಿಲ್ಲ. ಅದು ರಿಸರ್ಚ್ ಲೆಕ್ಕದ 91ಕ್ಕೆ ಹೆಚ್ಚು ಕಡಿಮೆ ಸಮಾನ. 1960ರ ದಶಕದ ಸೀಸದ ಪ್ರೀಮಿಯಂ ಪೆಟ್ರೋಲ್ ಸುಮಾರು 100 ರಿಸರ್ಚ್ ಆಕ್ಟೇನಿನದಾಗಿತ್ತು. ಆ ಪೆಟ್ರೋಲನ್ನು ನಂಬಿಯೇ ಕಾರ್ಖಾನೆಗಳು 11:1 ಮಾಡಿದ್ದು.

ಕಬ್ಬಿಣದ ಹೆಡ್, ಮಿತವಾದ ಕ್ಯಾಮ್, ಅಮೆರಿಕದ 93: ಇಷ್ಟಿದ್ದರೆ 9.5:1 ನಿಶ್ಚಿಂತೆಯ ಜಾಗ, 10:1 ಎಚ್ಚರದ ಜಾಗ. ಅಲ್ಯೂಮಿನಿಯಂ ಹೆಡ್ ಶಾಖವನ್ನು ಬೇಗ ನೀರಿಗೆ ದಾಟಿಸುವುದರಿಂದ ಇನ್ನರ್ಧ ಅಂಕ ಸಿಗುತ್ತದೆ, ಕೆಲವೊಮ್ಮೆ ಒಂದು. ಭಾರತದಲ್ಲಿ 95 ಆಕ್ಟೇನಿನ ಪೆಟ್ರೋಲ್ ಹಾಕುವವರು ಇದಕ್ಕಿಂತ ಸ್ವಲ್ಪ ಕೆಳಗೇ ನಿಂತರೆ ಒಳ್ಳೆಯದು. ಕೆಲವು ಬಂಕ್‌ಗಳಲ್ಲಿ 100 ಆಕ್ಟೇನ್ ಸಿಗುತ್ತದೆಯಾದರೂ ಊರಿಂದೂರಿಗೆ ಹೋಗುವಾಗ ಅದನ್ನು ನೆಚ್ಚಿಕೊಂಡು ಎಂಜಿನ್ ಕಟ್ಟುವುದು ಬುದ್ಧಿವಂತಿಕೆಯಲ್ಲ.

ನಾಕಿಂಗ್ ಅಂದರೆ ಬರಿ ಸದ್ದೇ, ಹಾನಿಯೂ ಇದೆಯೇ?

ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಚೇಂಬರಿನ ಮೂಲೆಗೆ ತಲಪುವ ಮೊದಲೇ ಅಲ್ಲಿ ಉಳಿದ ಮಿಶ್ರಣ ಶಾಖಕ್ಕೂ ಒತ್ತಡಕ್ಕೂ ತಾನಾಗಿ ಸಿಡಿಯುವುದು ನಾಕಿಂಗ್. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಅದೇ. ಏರು ರಸ್ತೆಯಲ್ಲಿ ಒಂದೆರಡು ಕ್ಷಣ ಕೇಳಿಸಿದರೆ ಏನೂ ಆಗದು. ಬಿಟ್ಟರೆ ರಿಂಗಿನ ಗೂಡು ಒಡೆಯುತ್ತದೆ, ಗ್ಯಾಸ್ಕೆಟ್ ಹಾರುತ್ತದೆ. ತೆರೆದ ಹೆಡರ್ಸ್ (ಸೈಲೆನ್ಸರಿಲ್ಲದ ಎಕ್ಸಾಸ್ಟ್ ಕೊಳವೆಗಳು) ಹಾಕಿದ ಕಾರುಗಳಲ್ಲಿ ಆ ಸದ್ದು ಕೇಳಿಸುವುದೇ ಇಲ್ಲ, ಅದೇ ಅಪಾಯ. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ಪಿಂಗಾಣಿಯನ್ನು ನೋಡಿ. ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು, ನಡುವೆ ಹೊಳೆಯುವ ಅಲ್ಯೂಮಿನಿಯಂ ಕಣಗಳು ಕಂಡರೆ ಅದು ಪಿಸ್ಟನ್ನಿನ ಚೂರು.

ಅನುಪಾತ ಏರಿಸಲು ಅಗ್ಗದ ದಾರಿ ಹೆಡ್ ಶೇವ್ ಮಾಡಿಸುವುದು ತಾನೇ?

ಸ್ವಲ್ಪಕ್ಕೆ ಸರಿ, ಬಹಳಕ್ಕೆ ತಪ್ಪು. ಈ ಹೆಡ್ಡಿನಲ್ಲಿ ಒಂದು ಸಿಸಿ ಇಳಿಸಲು ಸುಮಾರು 0.006 ಅಂಗುಲ ಕೆರೆಯಬೇಕು. 76ನ್ನು 64 ಮಾಡಲು ಹೊರಟರೆ 0.070 ಅಂಗುಲಕ್ಕೂ ಮೀರಿ ಹೋಗುತ್ತದೆ. ಹೆಡ್ಡಿನ ತಳ ತೆಳುವಾಗುತ್ತದೆ, ಇನ್‌ಟೇಕ್ ಮ್ಯಾನಿಫೋಲ್ಡಿನ ಬೋಲ್ಟ್ ತೂತುಗಳು ಸಾಲು ತಪ್ಪುತ್ತವೆ. ಆಗ 64 ಸಿಸಿಯ ಹೆಡ್ಡನ್ನೇ ಕೊಳ್ಳುವುದು ಅಗ್ಗ.

ಅದಕ್ಕಿಂತ ಮುಖ್ಯವಾದದ್ದು ಕ್ವೆಂಚ್. ಚೇಂಬರಿನ ಪಕ್ಕದಲ್ಲಿ ಹೆಡ್ಡಿನ ಒಂದು ಚಪ್ಪಟೆ ಭಾಗವಿರುತ್ತದೆ. ಪಿಸ್ಟನ್ ಮೇಲೆ ಬಂದಾಗ ಅದಕ್ಕೆ ಒಂದು ಮಿಲಿಮೀಟರಿನಷ್ಟು ಹತ್ತಿರ ಬಂದರೆ ನಡುವಿನ ಮಿಶ್ರಣ ಪಿಚಕಾರಿಯಂತೆ ಪ್ಲಗ್ಗಿನ ಕಡೆಗೆ ಚಿಮ್ಮುತ್ತದೆ, ದಹನ ಬೇಗ ಮುಗಿಯುತ್ತದೆ, ಮೂಲೆಯಲ್ಲಿ ಸಿಡಿಯಲು ಮಿಶ್ರಣವೇ ಉಳಿಯುವುದಿಲ್ಲ. 0.035ರಿಂದ 0.045 ಅಂಗುಲ ಇದಕ್ಕೆ ಹೇಳಿಮಾಡಿಸಿದ ಅಂತರ. ಮೇಲಿನ ಲೆಕ್ಕಕ್ಕೆ ಹಿಂದಿರುಗಿ: 0.025 ಕೆಳಗೆ ನಿಂತ ಪಿಸ್ಟನ್, 0.039ರ ಗ್ಯಾಸ್ಕೆಟ್, ಒಟ್ಟು 0.064. ಅನುಪಾತ 9.6 ಇದ್ದರೂ ಕ್ವೆಂಚ್ ಸತ್ತಿದೆ. ಬ್ಲಾಕಿನ ಮೇಲ್ಮೈಯನ್ನು 0.025 ಕೆರೆಸಿ ಪಿಸ್ಟನ್ ಅದರ ಸಮಕ್ಕೆ ಬರುವಂತೆ ಮಾಡಿದರೆ ಅಂತರ 0.039, ಅನುಪಾತ 10.1. ಈ ಎರಡನೆಯ ಎಂಜಿನ್ ಮೊದಲನೆಯದಕ್ಕಿಂತ ಹೆಚ್ಚು ಅನುಪಾತದ್ದಾದರೂ ಅದೇ ಪೆಟ್ರೋಲಿನಲ್ಲಿ ಎಷ್ಟೋ ಸಲ ಕಡಿಮೆ ನಾಕ್ ಮಾಡುತ್ತದೆ. ನಾಕಿಂಗಿಗೆ ಹೆದರಿ ದಪ್ಪ ಗ್ಯಾಸ್ಕೆಟ್ ಹಾಕುವುದು ಕಾಯಿಲೆಯನ್ನೇ ಔಷಧಿಯಾಗಿ ಕುಡಿಸಿದಂತೆ.

ಕೆರೆಸಿದ ಮೇಲೆ ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರವನ್ನು ಜೇಡಿಮಣ್ಣಿನ ತುಂಡು ಇಟ್ಟು, ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಲೇಬೇಕು. ಇನ್‌ಟೇಕಿಗೆ 0.080, ಎಕ್ಸಾಸ್ಟಿಗೆ 0.100 ಅಂಗುಲ ಉಳಿದಿರಬೇಕು.

ದೊಡ್ಡ ಕ್ಯಾಮ್ ಹಾಕಿದ ಮೇಲೆ ಕಾರಿನ ಪಿಕಪ್ ಏಕೆ ಹೋಯಿತು?

ಅತಿ ಹೆಚ್ಚು ಬಾರಿ ನನ್ನ ಬಳಿ ಬರುವ ದೂರು ಇದು, ಮತ್ತು ಇಡೀ ವಿಷಯದ ತಿರುಳು ಇಲ್ಲೇ ಇದೆ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲಕ್ಕೆ ಹೊರಟ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಅದು ಮುಚ್ಚುವವರೆಗೆ ಒತ್ತುವ ಕೆಲಸ ಶುರುವಾಗುವುದಿಲ್ಲ. ಕಡಿಮೆ ವೇಗದಲ್ಲಾದರೆ ಒಳಗೆ ಬಂದ ಮಿಶ್ರಣದಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಆದ್ದರಿಂದ ನಿಜವಾಗಿ ಒತ್ತಡವಾಗುವ ಸ್ಟ್ರೋಕನ್ನು ಮಾತ್ರ ಎಣಿಸಿ ಹಾಕುವ ಲೆಕ್ಕಕ್ಕೆ ಡೈನಾಮಿಕ್ ಅನುಪಾತವೆನ್ನುತ್ತಾರೆ.

5.7 ಅಂಗುಲದ ಕನೆಕ್ಟಿಂಗ್ ರಾಡಿರುವ 350ರಲ್ಲಿ ಕೆಳತುದಿ ದಾಟಿ 60 ಡಿಗ್ರಿಗೆ ವಾಲ್ವ್ ಮುಚ್ಚಿದರೆ 3.48 ಅಂಗುಲದ ಸ್ಟ್ರೋಕಿನಲ್ಲಿ ಉಳಿಯುವುದು 2.81. 10.1:1ರ ಎಂಜಿನ್ನಿನ ಡೈನಾಮಿಕ್ ಅನುಪಾತ ಆಗ 8.4. ವಾಲ್ವ್ 75 ಡಿಗ್ರಿಗೆ ಮುಚ್ಚುವ ರೇಸಿನ ಕ್ಯಾಮ್ ಹಾಕಿದರೆ ಉಳಿಯುವ ಸ್ಟ್ರೋಕ್ 2.44, ಡೈನಾಮಿಕ್ ಅನುಪಾತ 7.4. ಈಗ ಅದೇ ಕ್ಯಾಮ್ ಅನ್ನು 1972ರ 8.5:1ರ ಎಂಜಿನ್ನಿಗೆ ಹಾಕಿ: 6.3. ಸಿಗ್ನಲ್ಲಿನಲ್ಲಿ ನಿಂತಾಗ ಗುಡುಗುಡು ಸದ್ದು ಬರುತ್ತದೆ, ದಾರಿಹೋಕರು ತಿರುಗಿ ನೋಡುತ್ತಾರೆ, ಹಸಿರು ದೀಪ ಬಿದ್ದ ಮೇಲೆ ಪಕ್ಕದ ಮಿನಿವ್ಯಾನ್ ಮುಂದೆ ಹೋಗುತ್ತದೆ. ಪಂಪಿನ ಪೆಟ್ರೋಲಿಗೆ ಕಬ್ಬಿಣದ ಹೆಡ್ಡಿನಲ್ಲಿ ಡೈನಾಮಿಕ್ 8ರ ಸುತ್ತ, ಅಲ್ಯೂಮಿನಿಯಂನಲ್ಲಿ 8.5ರ ಸುತ್ತ ಬರುವಂತೆ ಕ್ಯಾಮ್ ಮತ್ತು ಅನುಪಾತ ಎರಡನ್ನೂ ಕೂಡಿಸಿ ಆರಿಸಬೇಕು. ಒಂದನ್ನು ಇವತ್ತು, ಇನ್ನೊಂದನ್ನು ಮುಂದಿನ ವರ್ಷ ಎಂದರೆ ಆ ನಡುವಿನ ವರ್ಷ ಕಾರು ಓಡಿಸುವ ಸುಖವಿಲ್ಲ.

ಹಳೆಯ ಮಾದರಿಯ ಚಪ್ಪಟೆ ಟ್ಯಾಪೆಟ್ಟಿನ (ಕ್ಯಾಮಿನ ಉಬ್ಬಿನ ಮೇಲೆ ಜಾರುತ್ತ ವಾಲ್ವ್ ತೆರೆಸುವ ಭಾಗ) ಹೊಸ ಕ್ಯಾಮನ್ನು ಮೊದಲ ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಬಿಡದೆ 2,000ದಿಂದ 2,500 ಆರ್‌ಪಿಎಂನಲ್ಲಿ ಓಡಿಸಬೇಕು, ಸತುವಿನ ಅಂಶ ಹೆಚ್ಚಿರುವ ಆಯಿಲ್ ಹಾಕಬೇಕು. ಇಂದಿನ ಕಾರುಗಳ ಆಯಿಲ್‌ನಲ್ಲಿ ಅದು ಸಾಲದು. ಹೀಗೆ ಮಾಡದಿದ್ದರೆ ಕ್ಯಾಮಿನ ಉಬ್ಬುಗಳು ಸವೆದು ಗುಂಡಗಾಗುತ್ತವೆ.

ಹೆಡ್ ಇಳಿಸದೆಯೇ ಶಕ್ತಿ ಹೆಚ್ಚಿಸಲು ಆಗುವುದಿಲ್ಲವೇ?

ಆಗುತ್ತದೆ, ಮತ್ತು ಮೊದಲು ಮಾಡಬೇಕಾದದ್ದು ಅದನ್ನೇ. ಹೊಗೆ ನಿಯಮಗಳಿಗಾಗಿ 1970ರ ದಶಕದ ಎಂಜಿನ್‌ಗಳಲ್ಲಿ ಇಗ್ನಿಷನ್ ಟೈಮಿಂಗನ್ನು (ಪಿಸ್ಟನ್ ಮೇಲ್ತುದಿಗೆ ಬರುವ ಎಷ್ಟು ಮುಂಚೆ ಕಿಡಿ ಹಾರಬೇಕು ಎಂಬುದು) ಹಿಂದಕ್ಕೆ ಇಟ್ಟಿದ್ದರು. ಸ್ಮಾಲ್ ಬ್ಲಾಕಿನಲ್ಲಿ ಐಡಲ್‌ಗೆ 8ರಿಂದ 12 ಡಿಗ್ರಿ, 3,000 ಆರ್‌ಪಿಎಂ ಹೊತ್ತಿಗೆ ಒಟ್ಟು 34ರಿಂದ 36 ಡಿಗ್ರಿ ಬರುವಂತೆ ಡಿಸ್ಟ್ರಿಬ್ಯೂಟರಿನ ತೂಕ ಮತ್ತು ಸ್ಪ್ರಿಂಗ್ ಹೊಂದಿಸಿದರೆ ಕಾರು ಬೇರೆಯೇ ಆಗುತ್ತದೆ. ವ್ಯಾಕ್ಯೂಮ್ ಅಡ್ವಾನ್ಸನ್ನು (ಭಾರ ಕಡಿಮೆಯಿದ್ದಾಗ ಕಿಡಿಯನ್ನು ಇನ್ನಷ್ಟು ಮುಂಚೆ ತರುವ ಸಾಧನ) ಕಿತ್ತು ಮುಚ್ಚಿಡಬೇಡಿ. ರಸ್ತೆಯ ಕಾರಿಗೆ ಅದು ಬೇಕು. ಫೈರಿಂಗ್ ಕ್ರಮ (ಸಿಲಿಂಡರುಗಳು ಉರಿಯುವ ಸರದಿ) 1-8-4-3-6-5-7-2 ಆಗಿರುವುದರಿಂದ 5 ಮತ್ತು 7 ಒಂದರ ಹಿಂದೊಂದು ಉರಿಯುತ್ತವೆ, ಪಕ್ಕಪಕ್ಕದಲ್ಲೇ ಇವೆ. ಅವುಗಳ ಪ್ಲಗ್ ವೈರುಗಳನ್ನು ಒಂದಕ್ಕೊಂದು ಅಂಟಿಸಿ ಎಳೆದರೆ ಐದರ ಕಿಡಿ ಏಳಕ್ಕೆ ಹಾರಿ, ಕಾಲಕ್ಕೆ ಮೊದಲೇ ಅಲ್ಲಿ ಬೆಂಕಿ ಹೊತ್ತುತ್ತದೆ. ಎಷ್ಟೋ ಜನ ಅದನ್ನೂ ಅನುಪಾತದ ತಪ್ಪೆಂದುಕೊಳ್ಳುತ್ತಾರೆ.

ಹಿಂದಿನ ಆಕ್ಸಲ್ ಗೇರನ್ನು 3.08ರಿಂದ 3.73ಕ್ಕೆ ಬದಲಿಸಿದರೆ ಚಕ್ರಕ್ಕೆ ತಲಪುವ ಟಾರ್ಕ್ ಶೇ. 21ರಷ್ಟು ಏರುತ್ತದೆ, ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟಬೇಕಿಲ್ಲ. ಹೆದ್ದಾರಿಯಲ್ಲಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಅದು ಬೇರೆ ಮಾತು.

ಸೀಸವಿಲ್ಲದ ಪೆಟ್ರೋಲಿನಿಂದ ವಾಲ್ವ್ ಕೆಡುತ್ತದೆಯೇ?

ಸೀಸ ವಾಲ್ವಿಗೂ ಅದರ ಸೀಟಿಗೂ ನಡುವೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಅದಿಲ್ಲದೆ, ಗಟ್ಟಿಗೊಳಿಸದ ಸೀಟಿನ ಎಕ್ಸಾಸ್ಟ್ ವಾಲ್ವ್ ನಿರಂತರ ಭಾರದ ಓಟದಲ್ಲಿ ನಿಧಾನವಾಗಿ ಒಳಗಿಳಿಯುತ್ತದೆ, ಟ್ಯಾಪೆಟ್ ಅಂತರ ಮುಚ್ಚಿಹೋಗುತ್ತದೆ, ಕಂಪ್ರೆಶನ್ ಬೀಳುತ್ತದೆ. ಭಾನುವಾರ ಮಾತ್ರ ಹೊರಬರುವ ಕಾರಿಗೆ ಇದಕ್ಕಾಗಿಯೇ ಹೆಡ್ ಇಳಿಸಬೇಡಿ. ಬೇರೆ ಕೆಲಸಕ್ಕೆ ಇಳಿಸಿದಾಗ ಗಟ್ಟಿ ಸೀಟ್ ಹಾಕಿಸಿ.

ಭಾರತದ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಇಂಥ ಎಂಜಿನ್ನಿಗೆ ಆಗುತ್ತದೆಯೇ?

ನಾಕಿಂಗಿನ ದೃಷ್ಟಿಯಿಂದ ಎಥನಾಲ್ ಒಳ್ಳೆಯದೇ. ಅದು ಆಕ್ಟೇನ್ ಏರಿಸುತ್ತದೆ. ತೊಂದರೆ ಬೇರೆ ಕಡೆ. ಬರಿ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5ರ ಹತ್ತಿರ ಸಾಕು. ಕಾರ್ಬುರೇಟರಿನ ಹಳೆಯ ಜೆಟ್ಟುಗಳಲ್ಲೇ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತುಗಳು) ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ, ಆದ್ದರಿಂದ ಕಾರ್ಬುರೇಟರಿನ ಮೇನ್ ಜೆಟ್ ಒಂದೆರಡು ಅಳತೆ ದೊಡ್ಡದು ಹಾಕಬೇಕು. ಪೆಟ್ರೋಲ್ ಪಂಪಿನ ಡಯಾಫ್ರಾಮ್, ಹೋಸ್, ಕಾರ್ಬುರೇಟರಿನ ರಬ್ಬರ್ ಭಾಗಗಳನ್ನು ಎಥನಾಲ್ ತಾಳಬಲ್ಲವುಗಳಿಗೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ. ಎಥನಾಲ್ ಗಾಳಿಯ ತೇವವನ್ನು ಹೀರಿ ತಳದಲ್ಲಿ ತುಕ್ಕು ಹುಟ್ಟಿಸುತ್ತದೆ.

ನನ್ನ ಬಳಿ ಇರುವುದು ಕಾಂಟೆಸ್ಸಾ. ಇದೆಲ್ಲ ಅದಕ್ಕೂ ಅನ್ವಯಿಸುತ್ತದೆಯೇ?

ಹಿಂದೂಸ್ತಾನ್ ಕಾಂಟೆಸ್ಸಾವನ್ನು ನಮ್ಮವರು ಭಾರತದ ಮಸಲ್ ಕಾರ್ ಎಂದು ಪ್ರೀತಿಯಿಂದ ಕರೆದರೂ ಅದರ ಮೂತಿಯ ಹಿಂದಿರುವುದು ನಾಲ್ಕು ಸಿಲಿಂಡರ್. ಹೆಚ್ಚು ಮೆಚ್ಚುಗೆ ಪಡೆದದ್ದು 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್. ಬ್ಯೂರೆಟ್, ಗೇಜ್, ಒಂದು ಚಮಚ ಆಯಿಲ್, ಎಲ್ಲವೂ ಅಲ್ಲಿಯೂ ಹೀಗೆಯೇ ನಡೆಯುತ್ತದೆ. ಆದರೆ ಬಿಡಿಭಾಗ ಸಿಗುವುದು ಕಷ್ಟವಾಗಿರುವ ಎಂಜಿನ್ನಿನಲ್ಲಿ ಹೆಡ್ ಕೆರೆಸುವ ಸಾಹಸ ಬೇಡ. ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಸೋರಿಕೆ ನಿಲ್ಲಿಸಿ, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ಉಜ್ಜಿ ಸರಿಯಾಗಿ ಕೂರಿಸುವುದು) ಮಾಡಿಸಿ, ಟೈಮಿಂಗ್ ಸರಿಪಡಿಸಿ. ಹಳೆಯ ಕಾಂಟೆಸ್ಸಾ ಕಳೆದುಕೊಂಡಿರುವ ಶಕ್ತಿಯಲ್ಲಿ ಬಹುಪಾಲು ಅಷ್ಟರಲ್ಲೇ ಹಿಂದಿರುಗುತ್ತದೆ.